ಓವನ್ ಇಲ್ಲದೆ ಮಾಡುವ ಬಾರ್: ಪುಡಿಯಾಗುವುದು ಯಾಕೆ, ಗಟ್ಟಿ ನಿಲ್ಲುವುದು ಹೇಗೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಓವನ್ ಇಲ್ಲ. ಮಗಳಿಗೆ ಹನ್ನೊಂದು ವರ್ಷ. ಸಂಜೆ ಆಟ ಮುಗಿಸಿ ಬರುವಾಗ ಹಸಿದು ಕಂಗಾಲಾಗಿರುತ್ತಾಳೆ. ಅಂಗಡಿಯ ಎನರ್ಜಿ ಬಾರ್ ಕೊಡಲು ಮನಸ್ಸಿಲ್ಲದೆ ಮನೆಯಲ್ಲೇ ಮಾಡಲು ಹೊರಟೆ. ಎರಡು ಕಪ್ ಓಟ್ಸ್, ಅರ್ಧ ಕಪ್ ಕಡಲೆಕಾಯಿ ಬೀಜ, ಎರಡು ದೊಡ್ಡ ಚಮಚ ಚಿಯಾ, ಕಾಲು ಕಪ್ ಜೇನುತುಪ್ಪ ಕಲಸಿ ಫ್ರಿಜ್‌ನಲ್ಲಿಟ್ಟೆ. ಕತ್ತರಿಸುವಾಗಲೇ ಅರ್ಧ ಪುಡಿಯಾಯಿತು, ಮರುದಿನ ಉಳಿದದ್ದೂ ಉದುರಿತು. ಎರಡನೇ ಸಲ ಖರ್ಜೂರವನ್ನು ನೀರಿನಲ್ಲಿ ನೆನೆಸಿ, ರುಬ್ಬಿ ಹಾಕಿದೆ. ಕೈಗೆಲ್ಲ ಮೆತ್ತಿಕೊಂಡಿತು, ಐದನೇ ದಿನಕ್ಕೆ ಬೂಷ್ಟು ಬಂತು. ಎಲ್ಲಿ ತಪ್ಪಿದ್ದೇನೆ? ಬೇಗ ಆಗುವ, ನಿಜವಾಗಿಯೂ ಆರೋಗ್ಯಕ್ಕೆ ಒಳ್ಳೆಯದಾದ ಬಾರ್ ಮಾಡುವುದು ಹೇಗೆ?

ಉತ್ತರ: ನೀವು ಪ್ರಮಾಣ ಸಮೇತ ಬರೆದದ್ದು ತುಂಬಾ ಒಳ್ಳೆಯದಾಯಿತು. ಅದರಿಂದಲೇ ತಪ್ಪು ಎಲ್ಲಿದೆ ಎಂದು ಕಾಣುತ್ತಿದೆ. ಮೊದಲ ಸಲ ಅಂಟು, ಅಂದರೆ ಎಲ್ಲವನ್ನೂ ಹಿಡಿದಿಡುವ ಜೇನು, ಖರ್ಜೂರ, ಪೀನಟ್ ಬಟರ್‌ನಂಥದ್ದು, ಸಾಲಲಿಲ್ಲ. ಎರಡನೇ ಸಲ ಅಂಟಿನ ಜಾಗದಲ್ಲಿ ನೀರು ಬಂದು ಕೂತಿತು.

ಓವನ್‌ನಲ್ಲಿ ಬೇಯಿಸುವ ಬಾರ್‌ನಲ್ಲಿ ಶಾಖ ಎರಡು ಕೆಲಸ ಮಾಡುತ್ತದೆ. ಮಿಶ್ರಣದಲ್ಲಿರುವ ನೀರನ್ನು ಓಡಿಸುತ್ತದೆ, ಸಿಹಿಯನ್ನು ಗಟ್ಟಿ ಪಾಕ ಮಾಡುತ್ತದೆ. ಓವನ್ ಇಲ್ಲದಿದ್ದರೆ ಈ ಕೆಲಸ ಮಾಡುವವರು ಯಾರೂ ಇಲ್ಲ. ಫ್ರಿಜ್ ಅದನ್ನು ಮಾಡುವುದಿಲ್ಲ. ಫ್ರಿಜ್ ಇರುವುದನ್ನು ತಣ್ಣಗೆ ಮಾಡಿ ಬಿಗಿ ಮಾಡುತ್ತದೆ, ಅಷ್ಟೇ. ಹೊರಗೆ ತೆಗೆದ ಹತ್ತು ನಿಮಿಷಕ್ಕೆ ಮತ್ತೆ ಮೊದಲಿನಂತೆಯೇ ಆಗುತ್ತದೆ. ಹಾಗಾಗಿ ಬೇಯಿಸದ ಬಾರ್‌ಗೆ ಹಾಕುವ ಅಂಟು, ಹಾಕುವ ಹೊತ್ತಿಗೇ ಗಟ್ಟಿ ಹದದಲ್ಲಿ ಇರಬೇಕು. ಇದೊಂದನ್ನು ಹಿಡಿದುಕೊಂಡರೆ ಮುಂದೆ ನಿಮಗೆ ಯಾವ ರೆಸಿಪಿಯೂ ಬೇಕಾಗುವುದಿಲ್ಲ. ಮನೆಯಲ್ಲಿ ಏನಿದೆಯೋ ಅದರಲ್ಲೇ ಮಾಡಬಹುದು.

ನಿಮ್ಮ ಮೊದಲ ಲೆಕ್ಕ ನೋಡೋಣ. ಎರಡು ಕಪ್ ಓಟ್ಸ್ ಅಂದರೆ ಸುಮಾರು 180 ಗ್ರಾಂ. ಕಡಲೆಕಾಯಿ ಬೀಜ 75, ಚಿಯಾ 25 ಹಿಡಿಯೋಣ. ಕಾಲು ಕಪ್ ಜೇನುತುಪ್ಪ 85 ಗ್ರಾಂ ತೂಗುತ್ತದೆ. ಒಟ್ಟು 365 ಗ್ರಾಂನಲ್ಲಿ ಅಂಟು ಬರೀ 85. ನಾಲ್ಕರಲ್ಲಿ ಒಂದು ಪಾಲೂ ಇಲ್ಲ. ನನ್ನ ಅನುಭವದಲ್ಲಿ ಖರ್ಜೂರದ ಬಾರ್ ಆದರೆ ಒಟ್ಟು ತೂಕದ ಅರ್ಧದಷ್ಟು ಅಂಟು ಇರಬೇಕು. ಕಾಯಿಸಿದ ಜೇನು ಮತ್ತು ಪೀನಟ್ ಬಟರ್‌ನ ಬಾರ್ ಆದರೆ ಐದರಲ್ಲಿ ಎರಡು ಪಾಲು ಸಾಕು. ಅದಕ್ಕಿಂತ ಇಳಿದರೆ ಎಷ್ಟು ಒತ್ತಿದರೂ ಬಾರ್ ನಿಲ್ಲುವುದಿಲ್ಲ.

ಮರುದಿನ ಉಳಿದದ್ದೂ ಉದುರಿತು ಅಂದಿರಲ್ಲ, ಅದು ಚಿಯಾದ ಕೆಲಸ. ಚಿಯಾ ಬೀಜ ತನ್ನ ತೂಕದ ಸುಮಾರು ಹತ್ತು ಪಟ್ಟು ನೀರು ಕುಡಿಯಬಲ್ಲದು. ಒಣಗಿದ ಚಿಯಾವನ್ನು ಹಾಗೇ ಕಲಸಿದರೆ ಅದು ರಾತ್ರಿಯಿಡೀ ಸುಮ್ಮನೆ ಕೂರುವುದಿಲ್ಲ. ಜೇನಿನಲ್ಲಿರುವ ಅಷ್ಟಿಷ್ಟು ನೀರನ್ನೂ ಎಳೆದುಕೊಳ್ಳುತ್ತದೆ. ಓಟ್ಸ್ ಕೂಡ ಅದಕ್ಕೆ ಕೈ ಸೇರಿಸುತ್ತದೆ. ಬೆಳಗಾಗುವಷ್ಟರಲ್ಲಿ ಅಂಟೇ ಒಣಗಿರುತ್ತದೆ. ಚಿಯಾ ಬೇಕೇ ಬೇಕು ಎಂದಿದ್ದರೆ ಎರಡು ದೊಡ್ಡ ಚಮಚದ ಬದಲು ಎರಡು ಟೀ ಚಮಚ ಹಾಕಿ. ಪ್ರೋಟೀನ್ ಪೌಡರ್‌ಗೂ ಇದೇ ಮಾತು. ಅದೂ ಹಸಿ ಹೀರಿ ಬಾರನ್ನು ಮರಳಿನಂತೆ ಮಾಡುತ್ತದೆ.

ಎರಡನೇ ಸಲದ್ದು ಬೇರೆ ಕತೆ. ಮೆತ್ತನೆಯ ಖರ್ಜೂರದಲ್ಲಿ ನೀರಿನ ಅಂಶ ಸುಮಾರು ಐದರಲ್ಲಿ ಒಂದು ಭಾಗ ಇರುತ್ತದೆ. ಆದರೂ ಅದು ತಿಂಗಳುಗಟ್ಟಲೆ ಕೆಡುವುದಿಲ್ಲ, ಗಮನಿಸಿದ್ದೀರಾ? ಯಾಕೆಂದರೆ ಆ ನೀರನ್ನು ಖರ್ಜೂರದ ಸಕ್ಕರೆ ಬಿಗಿಯಾಗಿ ಹಿಡಿದುಕೊಂಡಿದೆ. ಬೂಷ್ಟಿಗೆ ಬಿಡುವಾಗಿ ಸಿಗುವ ನೀರು ಬೇಕು, ಹಿಡಿದಿಟ್ಟ ನೀರು ಅದಕ್ಕೆ ದಕ್ಕುವುದಿಲ್ಲ. ನೀವು ನೆನೆಸಿದಾಗ ಖರ್ಜೂರ ಇನ್ನಷ್ಟು ನೀರು ಕುಡಿಯಿತು. ಸಕ್ಕರೆ ಹಿಡಿದಿಟ್ಟುಕೊಳ್ಳುವುದಕ್ಕಿಂತ ನೀರು ಜಾಸ್ತಿಯಾಯಿತು. ಅಲ್ಲಿಂದ ಮುಂದೆ ಅಂಟು ತೆಳ್ಳಗಾಗಿ ಕೈಗೆ ಮೆತ್ತಿತು, ಬೂಷ್ಟಿಗೂ ದಾರಿ ಆಯಿತು. ಹಸಿ ಬಾಳೆಹಣ್ಣು, ಹಾಲು, ಮೊಸರು, ಹಣ್ಣಿನ ರಸ ಹಾಕಿದರೂ ಹೀಗೇ ಆಗುತ್ತದೆ. ಹಾಕಲೇಬಾರದು ಅಂತಲ್ಲ. ಹಾಕಿದರೆ ಅದು ಫ್ರಿಜ್‌ನಲ್ಲಿಟ್ಟು ಎರಡು ದಿನದಲ್ಲಿ ತಿಂದು ಮುಗಿಸುವ ತಿಂಡಿ ಎಂದು ತಿಳಿದು ಹಾಕಿ.

ಈಗ ಮಾಡುವ ವಿಧಾನಕ್ಕೆ ಬರೋಣ. ನಾನು ಎಲ್ಲರಿಗೂ ಮೊದಲು ಹೇಳಿಕೊಡುವುದು ಖರ್ಜೂರದ ಬಾರ್. ಕೈ ಕೂರಲು ಇದೇ ಸುಲಭ.

ಬೀಜ ತೆಗೆದ ಮೆತ್ತನೆಯ ಖರ್ಜೂರ 200 ಗ್ರಾಂ. ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ 100 ಗ್ರಾಂ. ಓಟ್ಸ್ 100 ಗ್ರಾಂ. ಕುಂಬಳಕಾಯಿ ಬೀಜ ಮತ್ತು ಸೂರ್ಯಕಾಂತಿ ಬೀಜ ಸೇರಿ 40 ಗ್ರಾಂ. ಪೀನಟ್ ಬಟರ್ 30 ಗ್ರಾಂ, ಅಂದರೆ ಎರಡು ದೊಡ್ಡ ಚಮಚದಷ್ಟು. ಉಪ್ಪು ಕಾಲು ಟೀ ಚಮಚ. ಇಷ್ಟೇ. ಉಪ್ಪನ್ನು ಮಾತ್ರ ಬಿಡಬೇಡಿ. ಅದಿಲ್ಲದ ಬಾರ್ ಬರೀ ಸಿಹಿ ಸಿಹಿಯಾಗಿ, ಎರಡನೇ ತುತ್ತಿಗೇ ಬೇಸರ ಬರುತ್ತದೆ. ಬೇಕಿದ್ದರೆ ಒಂದು ಚಮಚ ಕೋಕೋ ಪುಡಿ ಅಥವಾ ಚಿಟಿಕೆ ದಾಲ್ಚಿನ್ನಿ ಪುಡಿ ಹಾಕಬಹುದು. ಅಡುಗೆಮನೆಯಲ್ಲಿ ಒಂದು ಚಿಕ್ಕ ತಕ್ಕಡಿ ಇದ್ದರೆ ತೂಗಿಯೇ ಹಾಕಿ. ಕಪ್ ಲೆಕ್ಕದಲ್ಲಿ ಖರ್ಜೂರ ಅಳೆದರೆ ಒಮ್ಮೆ ಒತ್ತಿ ತುಂಬಿರುತ್ತೀರಿ, ಒಮ್ಮೆ ಸಡಿಲ ಬಿಟ್ಟಿರುತ್ತೀರಿ. ಹದ ಹೆಚ್ಚುಕಡಿಮೆ ಆಗುವುದು ಅಲ್ಲೇ.

ಓಟ್ಸ್ ಅಂದರೆ ಚಪ್ಪಟೆ ಒತ್ತಿದ ಓಟ್ಸ್. ಅದನ್ನು ತಯಾರಿಸುವಾಗಲೇ ಹಬೆಯಲ್ಲಿ ಬೇಯಿಸಿರುತ್ತಾರೆ, ಹಾಗಾಗಿ ಮತ್ತೆ ಬೇಯಿಸದೆ ತಿನ್ನಬಹುದು. ಕತ್ತರಿಸಿದ ಗಟ್ಟಿ ಓಟ್ಸ್ ಇದಕ್ಕೆ ಆಗುವುದಿಲ್ಲ, ಹಲ್ಲಿಗೆ ಕಲ್ಲಿನಂತೆ ಸಿಗುತ್ತದೆ. ಇನ್ನೊಂದು ಮುಖ್ಯ ಮಾತು. ಅಂಟು ಜಾಸ್ತಿಯಾಯಿತೆಂದು ಯಾವುದೇ ಧಾನ್ಯದ ಹಸಿ ಹಿಟ್ಟು ಉದುರಿಸಬೇಡಿ. ಹಸಿ ಹಿಟ್ಟಿನಲ್ಲಿ ಸಾಲ್ಮೊನೆಲ್ಲಾ, ಇ. ಕೋಲಿ ತರಹದ ರೋಗಾಣು ಇರಬಹುದು. ಬೇಯಿಸುವ ಅಡುಗೆಯಲ್ಲಿ ಅವು ಸಾಯುತ್ತವೆ. ಇಲ್ಲಿ ಬೇಯಿಸುವುದೇ ಇಲ್ಲ. ಬೇಕಿದ್ದರೆ ಹುರಿದ ಓಟ್ಸನ್ನೇ ಪುಡಿ ಮಾಡಿ ಹಾಕಿ.

ಬೇಯಿಸದ ಬಾರ್ ಅಂದ ಮಾತ್ರಕ್ಕೆ ಒಲೆ ಹಚ್ಚಲೇಬಾರದು ಅಂತಿಲ್ಲ. ಏಳೆಂಟು ನಿಮಿಷ ಹುರಿಯುವುದನ್ನು ನಾನು ಯಾವತ್ತೂ ಬಿಡುವುದಿಲ್ಲ. ದಪ್ಪ ತಳದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ ಓಟ್ಸ್ ಹಾಕಿ ಕೈಯಾಡಿಸುತ್ತಾ ಇರಿ. ಮೊದಲ ಎರಡು ಮೂರು ನಿಮಿಷ ಏನೂ ಆದಂತೆ ಕಾಣುವುದಿಲ್ಲ. ಆಮೇಲೆ ಸೌಟಿನ ಸದ್ದು ಬದಲಾಗುತ್ತದೆ. ಮೆತ್ತಗೆ ಸವರುತ್ತಿದ್ದ ಸದ್ದು ಹೋಗಿ ಸರಸರ ಅನ್ನುತ್ತದೆ. ಹುರಿದ ಘಮ ಬರುತ್ತದೆ. ಬಣ್ಣ ಕಂದುವ ತನಕ ಕಾಯಬೇಡಿ, ಅಂಚು ಚೂರು ಹೊಂಬಣ್ಣಕ್ಕೆ ತಿರುಗಿದರೆ ಸಾಕು. ತಟ್ಟೆಗೆ ಸುರಿದು, ಅದೇ ಬಾಣಲೆಯಲ್ಲಿ ಕುಂಬಳಕಾಯಿ ಬೀಜ ಹಾಕಿ. ಅವು ಉಬ್ಬಿ ಚಟಪಟ ಅನ್ನತೊಡಗಿದರೆ ಆಯಿತು. ಹುರಿಯುವುದರಿಂದ ರುಚಿ ಬರುತ್ತದೆ, ಅದು ನಿಜ. ಇನ್ನೊಂದು ಲಾಭವೂ ಇದೆ. ಓಟ್ಸ್‌ನ ಹಸಿಯೂ ಹೋಗುತ್ತದೆ, ಬಾರ್ ಎರಡು ದಿನ ಜಾಸ್ತಿ ಬಾಳುತ್ತದೆ.

ಹುರಿದದ್ದು ಪೂರ್ತಿ ಆರಬೇಕು. ಇಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಅವಸರದಲ್ಲಿ ಬಿಸಿ ಕಡಲೆಕಾಯಿ ಬೀಜವನ್ನು ಮಿಕ್ಸಿಗೆ ಹಾಕಿಬಿಟ್ಟೆ. ತರಿ ಆಗುವ ಬದಲು ಅದು ಎಣ್ಣೆ ಬಿಟ್ಟು ಮುದ್ದೆಯಾಯಿತು. ಆ ಸಲದ ಬಾರ್‌ಗಳು ಪೇಪರಿಗೆಲ್ಲ ಜಿಡ್ಡು ಬಿಟ್ಟವು, ಒಂದೂ ಗಟ್ಟಿ ನಿಲ್ಲಲಿಲ್ಲ. ಅಗಲ ತಟ್ಟೆಯಲ್ಲಿ ಹರಡಿದರೆ ಹತ್ತು ನಿಮಿಷದಲ್ಲಿ ಆರುತ್ತದೆ. ಅಷ್ಟರಲ್ಲಿ ಖರ್ಜೂರದ ಬೀಜ ತೆಗೆದುಕೊಳ್ಳಬಹುದು. ಬೀಜ ತೆಗೆದದ್ದೇ ತಂದಿದ್ದರೂ ಒಂದೊಂದನ್ನೂ ಬಿಡಿಸಿ ನೋಡಿ. ಒಳಗೆ ಹುಳ ಇರಬಹುದು, ಬೀಜದ ಚೂರು ಉಳಿದಿರಬಹುದು. ಅದು ಹಲ್ಲಿಗೆ ಸಿಕ್ಕರೂ ಕಷ್ಟ, ಮಿಕ್ಸಿ ಬ್ಲೇಡಿಗೆ ಸಿಕ್ಕರೂ ಕಷ್ಟ.

ಖರ್ಜೂರ ಮೆತ್ತಗಿದೆಯೋ ಇಲ್ಲವೋ ಎಂದು ಬೆರಳಲ್ಲಿ ಹಿಸುಕಿ ನೋಡಿ. ಸುಲಭವಾಗಿ ಚಪ್ಪಟೆಯಾದರೆ ಹಾಗೇ ಬಳಸಿ. ಗಟ್ಟಿ ಇದ್ದರೆ ನೆನೆಸಬೇಡಿ. ಜರಡಿಯಲ್ಲಿಟ್ಟು ಐದು ನಿಮಿಷ ಹಬೆ ತೋರಿಸಿ, ಆಮೇಲೆ ಬಟ್ಟೆಯ ಮೇಲೆ ಹರಡಿ ಆರಲು ಬಿಡಿ. ಹಬೆಯಿಂದ ಅದು ಮೆತ್ತಗಾಗುತ್ತದೆ, ಆದರೆ ನೆನೆಸಿದಷ್ಟು ನೀರು ಕುಡಿಯುವುದಿಲ್ಲ.

ಮಿಕ್ಸಿಗೆ ಹಾಕುವ ಕ್ರಮವೂ ಮುಖ್ಯ. ಮೊದಲು ಓಟ್ಸ್‌ನ ಮೂರನೇ ಒಂದು ಭಾಗವನ್ನು ಮಾತ್ರ ಪುಡಿ ಮಾಡಿ ತೆಗೆದಿಡಿ. ಈ ಪುಡಿ ದೊಡ್ಡ ಚೂರುಗಳ ನಡುವಿನ ಸಂದಿ ತುಂಬುತ್ತದೆ. ಕಲ್ಲು ಕಟ್ಟುವಾಗ ನಡುವೆ ಗಾರೆ ತುಂಬುವುದಿಲ್ಲವೇ, ಹಾಗೆ. ಇಡೀ ಓಟ್ಸನ್ನೇ ಹಾಕಿದ್ದರಿಂದಲೂ ನಿಮ್ಮ ಮೊದಲ ಬಾರ್‌ನಲ್ಲಿ ಸಂದಿ ಉಳಿದಿರುತ್ತದೆ, ಚಾಕು ಬಿದ್ದಲ್ಲೆಲ್ಲ ಬಿರುಕು ಬಿಟ್ಟಿರುತ್ತದೆ. ಹಾಗಂತ ಎಲ್ಲವನ್ನೂ ಪುಡಿ ಮಾಡಿದರೆ ಆ ಪುಡಿಯೇ ಅಂಟನ್ನೆಲ್ಲ ಕುಡಿದುಬಿಡುತ್ತದೆ. ಮೂರರಲ್ಲಿ ಒಂದು ಪಾಲು ಸರಿ. ಆಮೇಲೆ ಕಡಲೆಕಾಯಿ ಬೀಜವನ್ನು ನಿಲ್ಲಿಸಿ ನಿಲ್ಲಿಸಿ ಎರಡು ಮೂರು ಸುತ್ತು ತಿರುಗಿಸಿ, ತರಿತರಿಯಾಗಿ ತೆಗೆಯಿರಿ.

ಕೊನೆಗೆ ಖರ್ಜೂರ. ಇದನ್ನು ಎರಡು ಕಂತಿನಲ್ಲಿ ಹಾಕಿ, ಒಂದೇ ಸಲ ತುಂಬಿದರೆ ಮೋಟರ್ ಬಿಸಿಯಾಗಿ ನಿಂತುಹೋಗುತ್ತದೆ. ಮೊದಲು ಚೂರುಗಳು ದಡದಡ ಅಂತ ಜಾರ್‌ಗೆ ಬಡಿಯುತ್ತವೆ. ಸ್ವಲ್ಪ ಹೊತ್ತಿಗೆ ಸದ್ದು ಇಳಿದು, ಚೂರುಗಳೆಲ್ಲ ಒಂದಕ್ಕೊಂದು ಹತ್ತಿ ಉಂಡೆಯಾಗಿ ಜಾರ್ ಒಳಗೇ ಸುತ್ತಲು ಶುರುವಾಗುತ್ತದೆ. ಆಗ ನಿಲ್ಲಿಸಿ. ತಿರುಗದೆ ಸಿಕ್ಕಿಹಾಕಿಕೊಂಡರೆ ನೀರು ಸುರಿಯಬೇಡಿ. ಚಮಚದಿಂದ ಕೆದಕಿ, ತೆಗೆದಿಟ್ಟ ಪೀನಟ್ ಬಟರ್ ಹಾಕಿ ತಿರುಗಿಸಿ, ಆ ಜಿಡ್ಡಿಗೆ ಬಿಡಿಸಿಕೊಳ್ಳುತ್ತದೆ. ಮಿಕ್ಸಿ ಇಲ್ಲದಿದ್ದರೂ ಪರವಾಗಿಲ್ಲ. ಹಬೆ ತೋರಿಸಿದ ಖರ್ಜೂರವನ್ನು ಚಾಕುವಿನಿಂದ ಸಣ್ಣಗೆ ಕೊಚ್ಚಿ, ಲೋಟದ ತಳದಿಂದ ಅರೆದರೆ ಕೆಲಸ ಆಗುತ್ತದೆ. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ಎಲ್ಲವನ್ನೂ ಅಗಲ ಪಾತ್ರೆಗೆ ಹಾಕಿ ಕೈಯಿಂದಲೇ ಕಲಸಿ. ಚಮಚಕ್ಕೆ ಹದ ತಿಳಿಯುವುದಿಲ್ಲ, ಕೈಗೆ ತಿಳಿಯುತ್ತದೆ. ಈಗ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಬಿಗಿಯಾಗಿ ಅದುಮಿ, ಬೆರಳು ಬಿಚ್ಚಿ ನೋಡಿ. ಬೆರಳಿನ ಗುರುತು ಹಾಗೇ ಉಳಿದು, ಹೆಬ್ಬೆರಳಿನಿಂದ ಚೂರು ದೂಡಿದರೂ ಒಡೆಯದಿದ್ದರೆ ಹದ ಬಂತು. ಬಿಚ್ಚಿದ ಕೂಡಲೇ ಉದುರಿದರೆ ಇನ್ನೊಂದು ಖರ್ಜೂರ ಅಥವಾ ಒಂದು ಚಮಚ ಪೀನಟ್ ಬಟರ್ ಸೇರಿಸಿ. ಬೆರಳಿಗೆ ಎಳೆ ಎಳೆಯಾಗಿ ಅಂಟಿದರೆ ಒಂದು ಚಮಚ ಓಟ್ಸ್ ಪುಡಿ ಹಾಕಿ, ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಖರ್ಜೂರ ಒಂದೊಂದು ಸಲ ಒಂದೊಂದು ಥರ ಇರುತ್ತದೆ. ಗ್ರಾಂ ಲೆಕ್ಕ ನಿಮ್ಮನ್ನು ಹತ್ತಿರಕ್ಕೆ ಕರೆತರುತ್ತದೆ, ಕೊನೆಯ ಮಾತು ಮಾತ್ರ ಮುಷ್ಟಿಯದ್ದು.

ಒತ್ತುವುದರಲ್ಲಿ ಬಹಳ ಜನ ಸೋಲುತ್ತಾರೆ. ಚಮಚದ ಹಿಂಬದಿಯಿಂದ ಸವರಿ, ಮೇಲ್ಭಾಗ ನುಣುಪಾಗಿ ಕಂಡ ಕೂಡಲೇ ಬಿಟ್ಟುಬಿಡುತ್ತಾರೆ. ಒಳಗೆ ಗಾಳಿಯ ಸಂದಿ ಹಾಗೇ ಇರುತ್ತದೆ. ಸುಮಾರು 15 ಸೆಂಟಿಮೀಟರ್ ಉದ್ದಗಲದ ಚೌಕ ಡಬ್ಬಿಗೆ ಬಟರ್ ಪೇಪರ್ ಹಾಸಿ, ಎರಡು ಕಡೆ ಅಂಚು ಹೊರಗೆ ಬಿಡಿ. ಎಳೆದು ಮೇಲೆತ್ತಲು ಅದು ಬೇಕು. ಮಿಶ್ರಣ ಸುರಿದು, ಮೇಲೆ ಇನ್ನೊಂದು ಪೇಪರ್ ಇಟ್ಟು, ಚಪ್ಪಟೆ ತಳದ ಲೋಟದಿಂದ ಮೈಭಾರ ಹಾಕಿ ಒತ್ತಿ. ಮೊದಲು ಮೂಲೆಗಳು, ಆಮೇಲೆ ನಡು. ಎರಡು ನಿಮಿಷ ಬಿಡದೆ ಒತ್ತಿ. ಸುಮಾರು ಒಂದೂಮುಕ್ಕಾಲು ಸೆಂಟಿಮೀಟರ್ ದಪ್ಪಕ್ಕೆ ಬರುತ್ತದೆ. ಅದಕ್ಕಿಂತ ತೆಳುವಾದರೆ ಮುರಿಯುತ್ತದೆ.

ಫ್ರಿಜ್‌ನಲ್ಲಿ ಒಂದು ಗಂಟೆ ಇಡಿ. ಆಮೇಲೆ ಪೇಪರ್ ಹಿಡಿದು ಎತ್ತಿ ಹಲಗೆಯ ಮೇಲಿಟ್ಟು ಕತ್ತರಿಸಿ. ಚಾಕುವನ್ನು ಗರಗಸದಂತೆ ಹಿಂದೆ ಮುಂದೆ ಎಳೆಯಬೇಡಿ. ಉದ್ದ ಅಲಗಿನ ಚಾಕುವನ್ನು ನೇರ ಕೆಳಗೆ ಒತ್ತಿ ತೆಗೆಯಿರಿ, ಪ್ರತಿ ಸಲ ಒರೆಸಿಕೊಳ್ಳಿ. ನಡುವೆ ಒಂದು ಗೀಟು, ಆಮೇಲೆ ಎರಡೂ ಭಾಗಕ್ಕೆ ಆರಾರು ತುಂಡು. ಹನ್ನೆರಡು ಬಾರ್ ಆಗುತ್ತವೆ. ಒಂದೊಂದೂ ಎರಡು ಬೆರಳಿನಷ್ಟು ಅಗಲ ಇರುತ್ತದೆ, ಸುಮಾರು 39 ಗ್ರಾಂ ತೂಗುತ್ತದೆ. ಫ್ರಿಜ್‌ನ ಹೊತ್ತು ಬಿಟ್ಟು ಮೊದಲ ಸಲ ಮುಕ್ಕಾಲು ಗಂಟೆ ಹಿಡಿಯಬಹುದು. ಬೀಜ, ಓಟ್ಸ್ ಮುಂಚೆಯೇ ಹುರಿದು ಡಬ್ಬಿಯಲ್ಲಿ ಇಟ್ಟುಕೊಂಡರೆ ಕೈಕೆಲಸ ನಿಜಕ್ಕೂ ಹದಿನೈದು ನಿಮಿಷದ್ದು.

ಆರೋಗ್ಯಕ್ಕೆ ನಿಜವಾಗಿಯೂ ಒಳ್ಳೆಯದಾ ಎಂದು ಕೇಳಿದ್ದೀರಿ. ಇದಕ್ಕೆ ಲೆಕ್ಕ ಇಟ್ಟೇ ಉತ್ತರ ಕೊಡಬೇಕು. ಈ ಪ್ರಮಾಣದಲ್ಲಿ ಮಾಡಿದ ಒಂದು ಬಾರ್‌ನಲ್ಲಿ ಸುಮಾರು 160 ಕ್ಯಾಲೊರಿ, 5 ಗ್ರಾಂ ಪ್ರೋಟೀನ್, 3 ಗ್ರಾಂ ನಾರು ಇರುತ್ತದೆ. ಸಕ್ಕರೆ ಅಂಶ ಸುಮಾರು 11 ಗ್ರಾಂ. ಹೌದು, ಒಂದು ಚಮಚ ಸಕ್ಕರೆಯನ್ನೂ ಹಾಕದೆ 11 ಗ್ರಾಂ. ಯಾಕೆಂದರೆ ಖರ್ಜೂರದ ತೂಕದ ಮೂರರಲ್ಲಿ ಎರಡು ಪಾಲು ಸಕ್ಕರೆಯೇ. ಸಕ್ಕರೆ ಇಲ್ಲದ ಬಾರ್ ಎಂದು ಯಾರಾದರೂ ಖರ್ಜೂರದ ಬಾರ್ ಕೊಟ್ಟರೆ, ಹೊರಗಿನಿಂದ ಹಾಕಿಲ್ಲ ಎಂದಷ್ಟೇ ಅರ್ಥ ಮಾಡಿಕೊಳ್ಳಿ. ಖರ್ಜೂರದ ಜೊತೆ ನಾರು, ಪೊಟ್ಯಾಸಿಯಂ ಬರುತ್ತದೆ, ಅದು ಬಿಳಿ ಸಕ್ಕರೆಯಲ್ಲಿ ಇಲ್ಲ. ಆ ಮಟ್ಟಿಗೆ ಅದು ಮೇಲು. ಆದರೆ ಮಧುಮೇಹ ಇರುವವರು ಇದನ್ನೂ ಲೆಕ್ಕಕ್ಕೆ ಹಿಡಿದೇ ತಿನ್ನಬೇಕು.

ಆಟ ಮುಗಿಸಿ ಬಂದ ಹನ್ನೊಂದು ವರ್ಷದ ಹುಡುಗಿಗೆ ಇದು ಒಳ್ಳೆಯ ತಿಂಡಿಯೇ. ಖರ್ಜೂರ ಬೇಗ ಶಕ್ತಿ ಕೊಡುತ್ತದೆ, ಕಡಲೆಕಾಯಿ ಮತ್ತು ಓಟ್ಸ್ ರಾತ್ರಿ ಊಟದ ತನಕ ಹಸಿವು ತಡೆಯುತ್ತವೆ. ಒಂದು ಬಾರ್, ಜೊತೆಗೆ ಒಂದು ದೊಡ್ಡ ಲೋಟ ನೀರು. ಬಾರ್ ಚಿಕ್ಕದಿದೆ ಎಂದು ಎರಡು ಮೂರು ತಿಂದರೆ ಅದು ತಿಂಡಿ ಆಗುವುದಿಲ್ಲ, ಒಂದು ಊಟದ ಲೆಕ್ಕಕ್ಕೆ ಹೋಗುತ್ತದೆ. ಅದಕ್ಕೇ ನಾನು ಹನ್ನೆರಡು ತುಂಡು ಎಂದು ಹಟ ಹಿಡಿದು ಹೇಳುವುದು. ಇನ್ನೊಂದು ವಿಷಯ ಹಲ್ಲು. ಖರ್ಜೂರದ ಮುದ್ದೆ ಹಲ್ಲಿನ ಸಂದಿಯಲ್ಲಿ ಕೂತರೆ ಬೇಗ ಬಿಡುವುದಿಲ್ಲ. ತಿಂದ ಮೇಲೆ ಬಾಯಿ ಮುಕ್ಕಳಿಸುವ ಅಭ್ಯಾಸ ಮಾಡಿಸಿ.

ಸಿಹಿ ಇನ್ನೂ ಕಡಿಮೆ ಬೇಕಾದರೆ ಖರ್ಜೂರವನ್ನು 150 ಗ್ರಾಂಗೆ ಇಳಿಸಿ, ಪೀನಟ್ ಬಟರ್ 60ಕ್ಕೆ ಏರಿಸಿ. ಸಕ್ಕರೆ ಬಾರ್‌ಗೆ 8ರಿಂದ 9 ಗ್ರಾಂಗೆ ಬರುತ್ತದೆ, ಬಾರ್ ಚೂರು ಮೃದುವಾಗುತ್ತದೆ. ನಮ್ಮ ಮನೆಯಲ್ಲಿ ಈಗ ಮಾಡುವುದು ಇದೇ. ಪೀನಟ್ ಬಟರ್ ಕೊಳ್ಳುವಾಗ ಹಿಂದಿನ ಚೀಟಿ ಓದಿ. ಕಡಲೆಕಾಯಿ, ಉಪ್ಪು, ಇವೆರಡೇ ಇರುವುದು ಸಿಕ್ಕರೆ ಒಳ್ಳೆಯದು. ಮೇಲೆ ಎಣ್ಣೆ ತೇಲುತ್ತಿದ್ದರೆ ಚೆನ್ನಾಗಿ ಕಲಸಿಯೇ ಅಳೆಯಿರಿ. ಎಣ್ಣೆ ಚೆಲ್ಲಿಬಿಟ್ಟರೆ ತಳದ ಗಟ್ಟಿ ಮುದ್ದೆ ಅಂಟಾಗಿ ಕೆಲಸ ಮಾಡುವುದಿಲ್ಲ.

ಜೇನುತುಪ್ಪದ ಬಾರ್ ಕೂಡ ಕೈಬಿಡಬೇಡಿ. ನಿಮ್ಮ ಮೊದಲ ಪ್ರಯತ್ನದ ಆಲೋಚನೆ ತಪ್ಪಾಗಿರಲಿಲ್ಲ, ಜೇನನ್ನು ಕಾಯಿಸದೆ ಹಾಕಿದ್ದು ತಪ್ಪು. ಓಟ್ಸ್ 150 ಗ್ರಾಂ, ಮಂಡಕ್ಕಿ 30 ಗ್ರಾಂ, ಕೊಚ್ಚಿದ ಬಾದಾಮಿ 70 ಗ್ರಾಂ, ಬೇರೆ ಬೀಜಗಳು 50 ಗ್ರಾಂ, ಎಲ್ಲವನ್ನೂ ಹುರಿದು ಒಂದು ಪಾತ್ರೆಯಲ್ಲಿ ಸಿದ್ಧ ಇಡಿ. 100 ಗ್ರಾಂ ಜೇನುತುಪ್ಪವನ್ನು ಚಿಕ್ಕ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ. ನೊರೆ ಎದ್ದು ಕುದಿಯಲು ಶುರುವಾದ ಎರಡು ನಿಮಿಷಕ್ಕೆ ಒಂದು ಹನಿಯನ್ನು ತಣ್ಣೀರಿನ ಬಟ್ಟಲಿಗೆ ಬಿಡಿ. ಕರಗಿ ಹರಡಿದರೆ ಇನ್ನೂ ಆಗಿಲ್ಲ. ಬೆರಳಲ್ಲಿ ಮೆತ್ತನೆಯ ಉಂಡೆ ಮಾಡಲು ಬಂದರೆ ಹದ ಬಂತು. ಉಷ್ಣಮಾಪಕ ಇದ್ದರೆ 112ರಿಂದ 116 ಡಿಗ್ರಿ ಸೆಲ್ಸಿಯಸ್. ಒಲೆ ಆರಿಸಿ, 100 ಗ್ರಾಂ ಪೀನಟ್ ಬಟರ್ ಮತ್ತು ಉಪ್ಪು ಸೇರಿಸಿ ಬೇಗ ತಿರುಗಿಸಿ, ಒಣ ಮಿಶ್ರಣದ ಮೇಲೆ ಸುರಿಯಿರಿ. ಇಲ್ಲಿ ಮಾತ್ರ ಕೈ ಹಾಕಬೇಡಿ. ಕುದಿಯುವ ನೀರಿಗಿಂತ ಬಿಸಿ ಇರುವ ಪಾಕ ಚರ್ಮಕ್ಕೆ ಅಂಟಿದರೆ ಕೆಟ್ಟದಾಗಿ ಸುಡುತ್ತದೆ. ಈ ಹಂತದಲ್ಲಿ ಮಗಳನ್ನೂ ದೂರ ಇರಿಸಿ. ಎಣ್ಣೆ ಸವರಿದ ಸೌಟಿನಿಂದ ಕಲಸಿ, ಬಿಸಿ ಇರುವಾಗಲೇ ಡಬ್ಬಿಗೆ ಹಾಕಿ ಒತ್ತಿ. ತಡ ಮಾಡಿದರೆ ಬಿಗಿದುಕೊಳ್ಳುತ್ತದೆ.

ಕಾಯಿಸಿದಾಗ ಜೇನಿನ ನೀರು ಹೋಗಿ ಅದು ಗಟ್ಟಿ ಅಂಟಾಗುತ್ತದೆ. ಈ ಬಾರ್ ಫ್ರಿಜ್‌ನ ಹೊರಗೂ ಚೆನ್ನಾಗಿ ನಿಲ್ಲುತ್ತದೆ, ಚೀಲದಲ್ಲಿ ಹಾಕಿ ಕಳಿಸಲು ಇದೇ ಸರಿ. ಹನ್ನೆರಡು ತುಂಡು ಮಾಡಿದರೆ ಒಂದಕ್ಕೆ ಸುಮಾರು 190 ಕ್ಯಾಲೊರಿ, 6 ಗ್ರಾಂ ಪ್ರೋಟೀನ್. ಜೇನಿನಿಂದ ಬರುವ ಸಕ್ಕರೆ ಸುಮಾರು 7 ಗ್ರಾಂ. ಖರ್ಜೂರದ ಬಾರ್‌ಗಿಂತ ಕಡಿಮೆ ಎಂದು ಖುಷಿಪಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಲ್ಲಿ ಜೇನುತುಪ್ಪವನ್ನೂ ಸೇರಿಸಿದ ಸಕ್ಕರೆಯ ಜೊತೆಗೇ ಎಣಿಸಿದೆ. ಇಂಥ ಸಕ್ಕರೆ ದಿನದ ಒಟ್ಟು ಶಕ್ತಿಯ 10 ಶೇಕಡಾಕ್ಕಿಂತ ಕಡಿಮೆ ಇರಲಿ, 5 ಶೇಕಡಾಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎನ್ನುತ್ತದೆ ಆ ಸಲಹೆ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಅದು 50 ಗ್ರಾಂ ಮತ್ತು 25 ಗ್ರಾಂ. ಒಂದು ಬಾರ್‌ನ 7 ಗ್ರಾಂ ಅಂದರೆ ಆ 25ರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ. ಬೇರೆ ಸಿಹಿ ಹೆಚ್ಚಿಲ್ಲದ ದಿನ ಕೊಡಿ, ತೊಂದರೆ ಇಲ್ಲ.

ತೆಂಗಿನೆಣ್ಣೆ ಹಾಕಿ ಗಟ್ಟಿ ಮಾಡುವ ವಿಧಾನವನ್ನೂ ನೀವು ನೋಡಿರಬಹುದು. ನನಗೆ ಅದು ಅಷ್ಟು ಇಷ್ಟವಿಲ್ಲ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೇ ಕರಗುತ್ತದೆ. ಫ್ರಿಜ್‌ನಲ್ಲಿ ಕಲ್ಲಿನಂತಿದ್ದ ಬಾರ್ ಚೀಲದೊಳಗೆ ಅರ್ಧ ಗಂಟೆಯಲ್ಲಿ ಜಿಡ್ಡು ಮುದ್ದೆ. ಮೇಲೆ ಏನಾದರೂ ಹಚ್ಚಬೇಕು ಅನಿಸಿದರೆ ಕರಗಿಸಿದ ಡಾರ್ಕ್ ಚಾಕೊಲೇಟ್ ತೆಳ್ಳಗೆ ಸವರಿ. ಅದರ ಕೋಕೋ ಬೆಣ್ಣೆ ಕರಗುವುದು 34 ಡಿಗ್ರಿಯ ಆಸುಪಾಸಿನಲ್ಲಿ. ಕರಗಿಸುವ ಪಾತ್ರೆಯಲ್ಲಿ ಒಂದು ಹನಿ ನೀರೂ ಇರಬಾರದು, ಇದ್ದರೆ ಚಾಕೊಲೇಟ್ ಗಂಟುಗಂಟಾಗುತ್ತದೆ.

ಮನೆಗೆ ಬರುವ ಪುಟ್ಟ ಮಕ್ಕಳ ಬಗ್ಗೆ ಒಂದು ಮಾತು, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಹಾಕಿದ ಏನನ್ನೂ ಕೊಡಬಾರದು, ಕಾಯಿಸಿದ್ದಾದರೂ ಸರಿ. ಬಾಟ್ಯುಲಿಸಂ ಎಂಬ ಅಪಾಯದ ಕಾಯಿಲೆಯ ಬೀಜಕಣ ಅದರಲ್ಲಿ ಇರಬಹುದು, ಮನೆಯ ಒಲೆಯ ಬಿಸಿಗೆ ಅವು ಸಾಯುವುದಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಕಾಯಿ, ಬಾದಾಮಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಅವರಿಗಾಗಿ ಮಾಡುವಾಗ ಬೀಜಗಳನ್ನು ಪುಡಿ ಮಾಡಿಯೇ ಹಾಕಿ. ಶಾಲೆಗೆ ಕಳಿಸುವುದಾದರೆ ಕಡಲೆಕಾಯಿ, ಬಾದಾಮಿ, ಗೋಡಂಬಿಗೆ ಅಲ್ಲಿ ಅನುಮತಿ ಇದೆಯೇ ಎಂದು ಕೇಳಿಕೊಳ್ಳಿ. ಒಗ್ಗದ ಮಗು ಪಕ್ಕದಲ್ಲೇ ಕೂತಿರಬಹುದು. ಬದಲಿಗೆ ಸೂರ್ಯಕಾಂತಿ ಬೀಜವನ್ನು ಹುರಿದು, ಎಣ್ಣೆ ಬಿಡುವ ತನಕ ರುಬ್ಬಿದರೆ ಪೀನಟ್ ಬಟರ್‌ನ ಹಾಗೆಯೇ ಬಳಸಬಹುದು. ಎಳ್ಳು ಕೂಡ ಕೆಲವರಿಗೆ ಆಗುವುದಿಲ್ಲ, ನೆನಪಿರಲಿ. ಅಮೆರಿಕದಲ್ಲಿ 2023ರಿಂದ ಎಳ್ಳನ್ನು ಮುಖ್ಯ ಅಲರ್ಜಿ ಪದಾರ್ಥಗಳ ಪಟ್ಟಿಗೆ ಸೇರಿಸಿದ್ದಾರೆ.

ಅಗಸೆ ಬೀಜ ಹಾಕುವುದಾದರೆ ಪುಡಿ ಮಾಡಿ ಹಾಕಿ. ಇಡಿಯಾಗಿ ತಿಂದದ್ದು ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಆದರೆ ಪುಡಿ ಬೇಗ ಕಮಟು ಹಿಡಿಯುತ್ತದೆ, ಆವತ್ತಿಗೆ ಬೇಕಾದಷ್ಟೇ ಪುಡಿ ಮಾಡಿ. ಬೀಜಗಳ ಎಣ್ಣೆ ಗಾಳಿ, ಬೆಳಕು, ಬಿಸಿಗೆ ಕೆಡುತ್ತದೆ. ಹಾಗಾಗಿ ಯಾವ ಬೀಜವನ್ನಾದರೂ ಹಾಕುವ ಮುಂಚೆ ಒಂದನ್ನು ಬಾಯಿಗೆ ಹಾಕಿ ನೋಡಿ. ಹಳೇ ಬಣ್ಣದ ಡಬ್ಬಿಯ ವಾಸನೆ, ನಾಲಿಗೆಯ ಕೊನೆಗೆ ಕಹಿ ಬಂದರೆ ಇಡೀ ಪೊಟ್ಟಣ ಬಿಟ್ಟುಬಿಡಿ. ಒಂದು ಹಿಡಿ ಕಮಟು ಬೀಜ ಹನ್ನೆರಡು ಬಾರನ್ನೂ ಹಾಳು ಮಾಡುತ್ತದೆ.

ಇಡುವುದು ಹೀಗೆ. ಗಾಳಿಯಾಡದ ಡಬ್ಬಿಯಲ್ಲಿ, ಪದರದ ನಡುವೆ ಬಟರ್ ಪೇಪರ್ ಹಾಕಿ ಜೋಡಿಸಿ. ನೀರು ಸೋಕಿಸದೆ ಮಾಡಿದ್ದು ತಂಪು ಜಾಗದಲ್ಲಿ ನಾಲ್ಕೈದು ದಿನ, ಫ್ರಿಜ್‌ನಲ್ಲಿ ಎರಡು ವಾರ, ಫ್ರೀಜರ್‌ನಲ್ಲಿ ಮೂರು ತಿಂಗಳು ಇರುತ್ತದೆ. ಫ್ರೀಜರ್‌ನಲ್ಲಿ ಇಡುವಾಗ ಒಂದೊಂದನ್ನೂ ಬೇರೆ ಬೇರೆ ಸುತ್ತಿಡಿ. ಬೆಳಗ್ಗೆ ಒಂದನ್ನು ತೆಗೆದು ಮಗಳ ಚೀಲಕ್ಕೆ ಹಾಕಿದರೆ, ಆಟ ಮುಗಿಯುವ ಹೊತ್ತಿಗೆ ತಿನ್ನುವ ಹದಕ್ಕೆ ಬಂದಿರುತ್ತದೆ.

ಬೂಷ್ಟು ಬಂದದ್ದನ್ನು ಕೆರೆದು ತಿನ್ನಬೇಡಿ, ಆ ಡಬ್ಬಿಯದ್ದೆಲ್ಲ ಎಸೆಯಿರಿ. ಮೆತ್ತನೆಯ ತಿಂಡಿಯಲ್ಲಿ ಬೂಷ್ಟಿನ ಬೇರು ಕಣ್ಣಿಗೆ ಕಾಣದಷ್ಟು ಒಳಗೆ ಹೋಗಿರುತ್ತದೆ. ಮೊದಲ ಸಲದ ಪುಡಿ ಇನ್ನೂ ಇದ್ದರೆ, ವಾಸನೆ ಚೆನ್ನಾಗಿದ್ದರೆ, ಅದನ್ನು ಎಸೆಯಬೇಡಿ. ತೂಗಿ ನೋಡಿ. 300 ಗ್ರಾಂ ಇದೆ ಅಂದುಕೊಳ್ಳೋಣ. ರುಬ್ಬಿದ ಖರ್ಜೂರ 100 ಗ್ರಾಂ, ಪೀನಟ್ ಬಟರ್ ಎರಡು ಚಮಚ ಸೇರಿಸಿ ಕಲಸಿ, ಮುಷ್ಟಿಯಲ್ಲಿ ಅದುಮಿ ನೋಡಿ. ಸಾಲದಿದ್ದರೆ ಇನ್ನೆರಡು ಖರ್ಜೂರ. ಲೋಟ ಹಿಡಿದು ಒತ್ತುವ ಕೆಲಸವನ್ನು ಈ ಸಲ ಮಗಳಿಗೇ ಕೊಡಿ.